ಹೇಳಿದ್ದನ್ನು ಹೇಳಿದಂತೆ

ಕೆಲಸ ಹೋದ ಮೇಲೆ ನನಗೆ ಸಿಕ್ಕಿದ ಕೆಲಸವೆಂದರೆ ಸತ್ತುಹೋದ ಒಬ್ಬ ವಕೀಲನ ಕಾಗದಗಳನ್ನು ಓದುವುದು. ಸಂಬಳವಿಲ್ಲದ ಕೆಲಸ. ಅಮೆರಿಕದ ರೆಡ್‌ವುಡ್ ಸಿಟಿಯ ಒಂದು ಆಫೀಸಿನಲ್ಲಿ ಹನ್ನೊಂದು ವರ್ಷ ಬೇರೆಯವರು ಬರೆದ ಪ್ರೋಗ್ರಾಮುಗಳಲ್ಲಿ ತಪ್ಪು ಹುಡುಕಿದ್ದೆ. ಒಂದು ಬೆಳಿಗ್ಗೆ ಹದಿನೈದು ನಿಮಿಷದ ಮೀಟಿಂಗು ಕರೆದು, ಇನ್ನು ಬರಬೇಡಿ ಎಂದರು. ಮನೆಯಲ್ಲಿ ಕೂತರೆ ತಲೆ ಕೆಡುತ್ತಿತ್ತು. ದಿನಾ ಆಫೀಸಿಗೆ ಹೋಗುವಾಗ ದಾಟುತ್ತಿದ್ದ ಒಂದು ಹಳೆಯ ಮರದ ಮನೆಯ ಮುಂದೆ, ಹಳೆಯ ಕೈಬರಹ ಓದಬಲ್ಲವರು ಬೇಕಾಗಿದ್ದಾರೆ ಎಂಬ ಬೋರ್ಡು ತೂಗುಹಾಕಿದ್ದರು. ಒಂದು ದಿನ ಕಾರು ನಿಲ್ಲಿಸಿ ಒಳಗೆ ಹೋದೆ.

ಅದು ಆ ವಕೀಲ ನೂರೈವತ್ತು ವರ್ಷದ ಹಿಂದೆ ಕಟ್ಟಿಸಿದ ಮನೆ. ಈಗ ಒಂದು ಪುಟ್ಟ ಮ್ಯೂಸಿಯಮ್ಮು. ಅದನ್ನು ನೋಡಿಕೊಳ್ಳುತ್ತಿದ್ದವರು ನಿವೃತ್ತ ಶಾಲಾಶಿಕ್ಷಕಿ, ಎಪ್ಪತ್ತು ದಾಟಿದ ಅಮೆರಿಕನ್ ಹೆಂಗಸು. ಕೂದಲು ಬೆಳ್ಳಗೆ, ಮಾತು ಖಡಕ್. ಮೊದಲ ದಿನವೇ ನನ್ನ ಮುಂದೆ ಒಂದೇ ನಿಯಮ ಇಟ್ಟರು. ಕಾಗದದಲ್ಲಿ ಏನಿದೆಯೋ ಅದನ್ನು ಇದ್ದ ಹಾಗೆ ಟೈಪು ಮಾಡಬೇಕು. ಕಾಗುಣಿತದ ತಪ್ಪಿದ್ದರೆ ತಪ್ಪೇ ಇರಲಿ. ಹೊಡೆದುಹಾಕಿದ ಪದವಿದ್ದರೆ ಅದೂ ಇರಲಿ. ಅರ್ಥವಾಗದಿದ್ದರೆ ಊಹಿಸಬಾರದು. ‘ಅವನಿಗೆ ಸಹಾಯ ಮಾಡಲು ಹೋಗಬೇಡ, ಅವನು ಸತ್ತಿದ್ದಾನೆ’ ಎಂದರು. ತಪ್ಪು ಹುಡುಕಿಯೇ ಹೊಟ್ಟೆ ಹೊರೆದ ನನಗೆ ಈ ನಿಯಮ ಬಹಳ ಹಿಡಿಸಿತು.

ಆ ಹೊತ್ತಿಗೆ ಅಪ್ಪ, ಅವ್ವ ಹುಬ್ಬಳ್ಳಿಯಿಂದ ಬಂದು ಎವರ್‌ಗ್ರೀನ್ ಬಡಾವಣೆಯ ನಮ್ಮ ಮನೆಯಲ್ಲಿದ್ದರು. ಅಪ್ಪ ಕೋರ್ಟಿನಲ್ಲಿ ಬೆಂಚ್ ಕ್ಲಾರ್ಕ್ ಆಗಿದ್ದವರು. ನ್ಯಾಯಾಧೀಶರ ಎದುರು ಕೂತು ಸಾಕ್ಷಿಗಳನ್ನು ಹೆಸರು ಹಿಡಿದು ಕರೆಸುವುದು, ದೇವರ ಮೇಲೆ ಪ್ರಮಾಣ ಮಾಡಿಸುವುದು ಮೂವತ್ತು ವರ್ಷ ಅವರ ಕೆಲಸ. ಎವರ್‌ಗ್ರೀನಿನ ಪಾರ್ಕಿನಲ್ಲಿ ಸಂಜೆ ನಮ್ಮ ಕಡೆಯ ಹಿರಿಯರೆಲ್ಲ ಸೇರುತ್ತಾರೆ. ಎರಡು ವಾರ ಹೋಗಿ ಅಪ್ಪ ಬಿಟ್ಟುಬಿಟ್ಟರು. “ಎಲ್ಲಾರದೂ ಶುಗರಿಂದು, ಬೀಪಿದು, ಇಲ್ಲಾಂದ್ರ ಮಮ್ಮಕ್ಕಳ ಮಾರ್ಕ್ಸಿಂದು. ನನಗ ತಲಿನೋವು ಬರತೈತಿ” ಎಂದರು. ಹಾಗಾದರೆ ನನ್ನ ಜೊತೆ ವಕೀಲನ ಮನೆಗೆ ಬನ್ನಿ ಎಂದೆ. ಮರುದಿನ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ, ಜೇಬಿಗೆ ಪೆನ್ನು ಸಿಕ್ಕಿಸಿಕೊಂಡು, ನನಗಿಂತ ಮೊದಲು ಕಾರಿನ ಹತ್ತಿರ ನಿಂತಿದ್ದರು.

ಮ್ಯೂಸಿಯಮ್ಮಿನ ಹೆಂಗಸಿಗೂ ನನಗೂ ಅರ್ಧ ಗಂಟೆ ಹಿಡಿಯುತ್ತಿದ್ದ ಪುಟವನ್ನು ಅಪ್ಪ ಐದು ನಿಮಿಷದಲ್ಲಿ ಓದಿಬಿಟ್ಟರು. ಹುಬ್ಬಳ್ಳಿ ಕೋರ್ಟಿನ ರೆಕಾರ್ಡ್ ರೂಮಿನಲ್ಲಿ ಬ್ರಿಟಿಷರ ಕಾಲದ ಕೂಡುಬರಹದ ಇಂಗ್ಲಿಷು ಓದಿ ಓದಿ ಅವರ ಕಣ್ಣು ಪಳಗಿತ್ತು. ಇಂಗ್ಲಿಷು ಮಾತಾಡಲು ಹಿಂಜರಿಯುತ್ತಿದ್ದ ಅಪ್ಪ ಆ ಮೇಜಿನ ಮುಂದೆ ರಾಜನಂತೆ ಕೂರುತ್ತಿದ್ದರು. ಆಕೆ ಅಪ್ಪನಿಗೆಂದು ಬೇರೆ ಕುರ್ಚಿ ತರಿಸಿದರು, ಅದಕ್ಕೊಂದು ದಿಂಬು ಇಟ್ಟರು. “ನೋಡು, ನಿವೃತ್ತಿ ಆದಮ್ಯಾಲೆ ನನಗ ಪ್ರಮೋಷನ್ ಸಿಕ್ಕೈತಿ” ಎಂದು ಅಪ್ಪ ಅವ್ವನಿಗೆ ಹೇಳಿ ನಕ್ಕರು. ಅವ್ವ, “ಪಗಾರಿಲ್ಲದ ಪ್ರಮೋಷನ್ನು” ಎಂದಳು.

ಹೀಗೆ ಆ ವಕೀಲನ ಜೀವನವನ್ನು ನಾವಿಬ್ಬರೂ ಸೇರಿ ಓದಿದೆವು. ಅಪ್ಪ ಓದುವುದು, ನಾನು ಟೈಪು ಮಾಡುವುದು. ಅಮೆರಿಕದ ಪೂರ್ವ ತೀರದ ಯಾವುದೋ ಕಲ್ಲುಹೊಲದ ಮನೆಯಲ್ಲಿ ಹುಟ್ಟಿದವನು. ಕಾಲೇಜಿನ ಮುಖ ಕಾಣದವನು. ಒಬ್ಬ ವಕೀಲರ ಆಫೀಸಿನಲ್ಲಿ ಕಸ ಹೊಡೆದು, ಅವರ ಪುಸ್ತಕಗಳನ್ನೇ ಓದಿ ಪರೀಕ್ಷೆ ಕೊಟ್ಟವನು. ಹಡಗಿನಲ್ಲಿ ಇಲ್ಲಿಗೆ ಬಂದ. ಚಿನ್ನ ತೋಡಲು ಹೋಗಿ ಒಂದು ಚಳಿಗಾಲದಲ್ಲಿ ಹಲ್ಲು, ಆರೋಗ್ಯ ಎರಡನ್ನೂ ಕಳೆದುಕೊಂಡ. ಆಮೇಲೆ ಒಂದು ಟೆಂಟಿನಲ್ಲಿ ಮೇಜು ಹಾಕಿ ವಕೀಲಿಕೆಗೆ ಕೂತ. ಆಗ ಈ ನೆಲವೆಲ್ಲ ಸ್ಪ್ಯಾನಿಷ್ ಮಾತಾಡುವ ಹಳೆಯ ಜಮೀನುದಾರ ಮನೆತನಗಳದ್ದು. ಅಮೆರಿಕದ ಹೊಸ ಸರ್ಕಾರ ಬಂದು, ಜಮೀನು ನಿಮ್ಮದೇ ಎಂಬುದಕ್ಕೆ ಕಾಗದ ತೋರಿಸಿ ಎಂದಿತ್ತು. ಅಂಥವರ ಪರವಾಗಿ ಈತ ವಾದಿಸಿದ. ಕೇಸುಗಳು ವರ್ಷಗಟ್ಟಲೆ ನಡೆದವು. ಗೆದ್ದಾಗ ಅವರ ಕೈಯಲ್ಲಿ ದುಡ್ಡೇನೂ ಉಳಿದಿರುತ್ತಿರಲಿಲ್ಲ, ಫೀಸಿಗೆ ಜಮೀನಿನಲ್ಲೇ ಪಾಲು ಕೊಡುತ್ತಿದ್ದರು. ಈ ಮನೆ ನಿಂತಿರುವುದೂ ಅಂಥ ಒಬ್ಬ ಕಕ್ಷಿದಾರನ ನೆಲದ ಮೇಲೆ.

“ಹಿಂತಾವರನ್ನ ನಾ ಕಂಡೀನವಾ” ಎಂದರು ಅಪ್ಪ. “ಕಕ್ಷಿದಾರ ಕೇಸು ಗೆದ್ದು ಬರ್ತಾನ, ಹೊಲ ವಕೀಲನ ಹೆಸರಿಗೆ ಹೋಗಿರತೈತಿ. ಆದ್ರ ವಾದ ಮಾತ್ರ ಭಾಳ ಚಂದ ಮಾಡ್ಯಾನ ಬಿಡು.” ಅಪ್ಪನಿಗೆ ಆ ವಕೀಲನ ಮೇಲೆ ಒಂದು ಬಗೆಯ ಪ್ರೀತಿ ಹುಟ್ಟಿತ್ತು. ನನಗೆ ಅಷ್ಟಿರಲಿಲ್ಲ. ತನ್ನ ಹೆಂಡತಿಗೆ ಬರೆದ ಕಾಗದಗಳಲ್ಲಿ ಅವನು ಒಮ್ಮೆಯೂ ನೀನು ಹೇಗಿದ್ದೀ ಎಂದು ಕೇಳಿದ್ದಿಲ್ಲ.

ಜಮೀನು ಬಂದ ಮೇಲೆ ಚುನಾವಣೆಗೆ ನಿಂತ, ಹೋಟೆಲಿನ ಉಪ್ಪರಿಗೆಗಳಿಂದ ಭಾಷಣ ಮಾಡಿದ, ರಾಜ್ಯದ ಸೆನೆಟಿಗೆ ಆರಿಸಿ ಹೋದ. ಅಲ್ಲಿ ಅವನು ಮಾಡಿದ ಕೆಲಸಗಳಲ್ಲಿ ಒಂದನ್ನು ಡೈರಿಯಲ್ಲಿ ಹೆಮ್ಮೆಯಿಂದ ಬರೆದುಕೊಂಡಿದ್ದಾನೆ. ಚೀನಾದವರು ಬಿಳಿಯರ ವಿರುದ್ಧ ಕೋರ್ಟಿನಲ್ಲಿ ಸಾಕ್ಷಿ ಹೇಳುವಂತಿಲ್ಲ ಎಂಬ ಕಾಯ್ದೆಯ ಮಾತುಗಳನ್ನು ತಿದ್ದಿ ಬಿಗಿ ಮಾಡಿದ್ದು ತಾನೇ ಎಂದು. ಮೊದಲಿನ ಕರಡಿನಲ್ಲಿ ಸಂದುಗಳಿದ್ದವಂತೆ, ಈತ ಅವನ್ನು ಮುಚ್ಚಿದನಂತೆ. ಆ ದಿನ ಊಟಕ್ಕೆ ಒಳ್ಳೆಯ ಸಿಂಪಿ ಮಾಂಸ ಸಿಕ್ಕಿತು ಎಂದೂ ಬರೆದಿದ್ದಾನೆ. ಮನೆಯಲ್ಲಿ ಅವನಿಗೆ ಅಡುಗೆ ಮಾಡಿ ಬಡಿಸುತ್ತಿದ್ದವನು ಚೀನಾದವನೇ. ಡೈರಿಯಲ್ಲಿ ಕುದುರೆಗಳಿಗೆಲ್ಲ ಹೆಸರಿದೆ, ಅಡುಗೆಯವನಿಗೆ ಇಲ್ಲ.

ಆಮೇಲಿನದನ್ನು ಓದಿದ ದಿನ ಅಪ್ಪ ಕನ್ನಡಕ ತೆಗೆದಿಟ್ಟರು. ವಕೀಲನ ತಮ್ಮ ಅದೇ ಮನೆಯಲ್ಲಿದ್ದ. ಪಕ್ಕದ ಜಮೀನಿನವನಿಗೂ ಇವರಿಗೂ ಬೇಲಿಯ ಜಗಳ. ಒಂದು ಮಧ್ಯಾಹ್ನ ಪಕ್ಕದವನು ಬಂದೂಕು ತಂದು ತಮ್ಮನನ್ನು ಬೇಲಿಯ ಬಳಿ ಹೊಡೆದು ಕೊಂದ. ನೋಡಿದವನು ಅಡುಗೆಯವನೊಬ್ಬನೇ. ಹಿತ್ತಲಲ್ಲಿ ಬಟಾಣಿ ಕೀಳುತ್ತಿದ್ದನಂತೆ. ವಿಚಾರಣೆಯಲ್ಲಿ ಸರ್ಕಾರಿ ವಕೀಲರು ಅವನನ್ನು ಕರೆಸಿದರು. ಎದುರಿನ ವಕೀಲ ಎದ್ದು ನಿಂತು ಕಾಯ್ದೆಯ ಕಲಮನ್ನು ಓದಿದ. ನಮ್ಮ ವಕೀಲ ಸೆನೆಟಿನಲ್ಲಿ ಬಿಗಿ ಮಾಡಿದ್ದ ಅದೇ ಕಲಮು. ಈತ ಮುಂದಿನ ಸಾಲಿನಲ್ಲೇ ಕೂತಿದ್ದ. ಸಾಕ್ಷಿಯನ್ನು ಹೊರಗೆ ಕಳಿಸಿದರು. ಪಕ್ಕದವನು ತನ್ನ ಪ್ರಾಣ ಉಳಿಸಿಕೊಳ್ಳಲು ಹೊಡೆದೆ ಎಂದ, ಇಲ್ಲ ಎನ್ನುವವರು ಯಾರೂ ಇರಲಿಲ್ಲ. ಬಿಟ್ಟುಬಿಟ್ಟರು. ಆ ದಿನದ ಡೈರಿಯಲ್ಲಿ ಎರಡೇ ಮಾತು. ಮಳೆ ಬರಲಿಲ್ಲ. ತಮ್ಮನ ಪ್ರಕರಣ ಮುಗಿಯಿತು.

“ಆ ಅಡಿಗಿಯಂವ ಹೊರಗ ಕಟ್ಟಿ ಮ್ಯಾಲೆ ಕುಂತಿರ್ತಾನ ನೋಡು” ಎಂದರು ಅಪ್ಪ. “ಸಾಕ್ಷಿ ಕರಿಯೂದು ನನ್ನ ಕೆಲಸ ಇತ್ತು. ಕರದು, ಬ್ಯಾಡ ಹೋಗು ಅಂತ ಹೇಳೂದು ಭಾಳ ಕಠಿಣ. ಕಂಡಾಂವ ಕಂಡದ್ದನ್ನ ಎಲ್ಲಿ ಇಟಗೋಬೇಕು?” ಆ ದಿನ ಮನೆಗೆ ಬರುವಾಗ ಫ್ರೀವೇಯಲ್ಲಿ ಟ್ರಾಫಿಕ್ಕು ನಿಂತಿತ್ತು. ಅಪ್ಪ ಉದ್ದಕ್ಕೂ ಅದೇ ಮಾತಾಡುತ್ತಿದ್ದರು. ಉಳಿದ ಪೆಟ್ಟಿಗೆಯಲ್ಲಿ ಏನಿದೆಯೋ ನೋಡಬೇಕು, ಆತ ಆಮೇಲಾದರೂ ಆ ಕಾಯ್ದೆ ತೆಗೆಸಲು ಎದ್ದು ನಿಂತನೋ ಇಲ್ಲವೋ ತಿಳಿಯಬೇಕು ಎಂದರು. ಅದು ಅವರಿಗೆ ತಿಳಿಯಲಿಲ್ಲ.

ಅದಾದ ಮುಂದಿನ ಬುಧವಾರ ಅಪ್ಪ ಮ್ಯೂಸಿಯಮ್ಮಿಗೆ ಬರಲಿಲ್ಲ. ಅವ್ವನಿಗೆ ಕೊತ್ತಂಬರಿ, ಬದನೆಕಾಯಿ ಬೇಕಾಗಿತ್ತು. ಇಬ್ಬರೂ ಮನೆಯ ಹತ್ತಿರದ ಇಂಡಿಯನ್ ಗ್ರೋಸರಿಗೆ ನಡೆದುಕೊಂಡು ಹೋದರು. ಬರುವಾಗ ಅವ್ವ ಮೊದಲು ರಸ್ತೆ ದಾಟಿದಳು. ಅಪ್ಪ ಈ ಕಡೆ ಅಂಗಡಿಯ ಗೋಡೆಗೆ ಅಂಟಿಸಿದ್ದ ಯಾವುದೋ ನೋಟೀಸು ಓದುತ್ತ ನಿಂತರು. ಕಾಗದ ಕಂಡರೆ ನಿಲ್ಲುವುದು ಅವರ ಜಾಯಮಾನ. ಅವ್ವ ಆ ಕಡೆಯಿಂದ, “ರ್ರೀ, ಬರ್ರಿ ಲಗೂನ” ಎಂದು ಕೂಗಿದಳು. ಅಪ್ಪ ರಸ್ತೆಗೆ ಇಳಿದರು. ಬಲಕ್ಕೆ ತಿರುಗುತ್ತಿದ್ದ ಕಾರೊಂದು ನಿಲ್ಲದೆ ತಿರುಗಿ ಅವರಿಗೆ ಬಡಿಯಿತು.

ನಾನು ರೆಡ್‌ವುಡ್ ಸಿಟಿಯಿಂದ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅಪ್ಪ ಹೋಗಿಬಿಟ್ಟಿದ್ದರು. ನನ್ನ ಗಂಡ ಪಾಲೋ ಆಲ್ಟೋದ ಆಫೀಸಿನಿಂದ ಇನ್ನೂ ದಾರಿಯಲ್ಲಿದ್ದ. ಒಂದು ಚಿಕ್ಕ ಕೋಣೆಯಲ್ಲಿ ಅವ್ವ ಕುರ್ಚಿ ಬಿಟ್ಟು ನೆಲದ ಮೇಲೆ ಕೂತಿದ್ದಳು. ಪಕ್ಕದಲ್ಲಿ ಒಬ್ಬ ಪೊಲೀಸ್ ಅಧಿಕಾರಿ ನಿಂತಿದ್ದ, ಚಿಕ್ಕ ವಯಸ್ಸಿನವನು, ಬಹಳ ಮರ್ಯಾದೆಯಿಂದ ಟೋಪಿ ಕೈಯಲ್ಲಿ ಹಿಡಿದಿದ್ದ. ನಿಮ್ಮ ತಾಯಿ ಒಬ್ಬರೇ ಸಾಕ್ಷಿ, ಅವರು ಏನೋ ಹೇಳುತ್ತಿದ್ದಾರೆ, ನಮಗೆ ಒಂದು ಮಾತೂ ತಿಳಿಯುತ್ತಿಲ್ಲ ಎಂದ. ಅವ್ವ ಎದೆ ಬಡಿದುಕೊಂಡು ಹಾಡಿಕೊಂಡು ಅಳುತ್ತಿದ್ದಳು.

“ನಾನಽ ಕರದೆನಲ್ಲೋ ನನ್ನ ರಾಜಾ, ನಾನಽ ಕರದು ಕೊಂದೆನಲ್ಲೋ. ನಿಂತಾವರನ್ನ ಬಾ ಅಂದೆನಲ್ಲೋ, ಸಾವಿನ ಬಾಯಾಗ ಕರದೆನಲ್ಲೋ. ನನ್ನ ಕೈಯಾರ ಕೊಂದೆನಲ್ಲೋ.”

ನಮ್ಮ ಕಡೆ ಹೆಂಗಸರು ಸತ್ತವರ ಮುಂದೆ ಸುಮ್ಮನೆ ಅಳುವುದಿಲ್ಲ. ಹೀಗೆ ಹಾಡಿಕೊಂಡು ಅಳುತ್ತಾರೆ. ಸತ್ತವರ ಗುಣ ಎಣಿಸುತ್ತಾರೆ, ದೇವರನ್ನು ಬೈಯುತ್ತಾರೆ, ಕೊನೆಗೆ ತಪ್ಪನ್ನೆಲ್ಲ ಎಳೆದು ತಮ್ಮ ತಲೆಯ ಮೇಲೆ ಹಾಕಿಕೊಳ್ಳುತ್ತಾರೆ. ಬೇರೆ ಊರಿನಲ್ಲಿ ಕಾಮಾಲೆಯಾಗಿ ಸತ್ತ ತನ್ನ ತಮ್ಮನಿಗೆ ನನ್ನ ಅಜ್ಜಿ, ನಿನ್ನನ್ನು ಕೊಂದವಳು ನಾನೇ ಎಂದು ಮೂರು ದಿನ ಅತ್ತಿದ್ದಳು. ಹಾಗೆ ಅಳದಿದ್ದರೆ ಜನ ಮಾತಾಡಿಕೊಳ್ಳುತ್ತಾರೆ, ಎಂಥ ಕಲ್ಲು ಮನಸ್ಸು ಎಂದು. ಅದನ್ನು ಕೇಳುವವರು ಯಾರೂ ಅದರ ಅರ್ಥ ಹಿಡಿಯುವುದಿಲ್ಲ. ಇದೆಲ್ಲ ನನಗೆ ಚೆನ್ನಾಗಿ ಗೊತ್ತಿತ್ತು.

ಅವರು ಹೇಳುತ್ತಿರುವುದನ್ನು ಹಾಗೆಯೇ ಹೇಳಬಲ್ಲಿರಾ ಎಂದು ಅಧಿಕಾರಿ ಕೇಳಿದ. ನಾನು ಹೇಳಿದೆ. ನಿಂತಿದ್ದವರನ್ನು ತಾನು ಕರೆದೆ ಎನ್ನುತ್ತಿದ್ದಾಳೆ, ತಾನೇ ರಸ್ತೆಗೆ ಕರೆದೆ ಎನ್ನುತ್ತಿದ್ದಾಳೆ, ತನ್ನ ಕೈಯಾರೆ ಕೊಂದೆ ಎನ್ನುತ್ತಿದ್ದಾಳೆ ಎಂದೆ. ಒಂದು ಪದ ಬಿಡಲಿಲ್ಲ, ಒಂದು ಪದ ಸೇರಿಸಲಿಲ್ಲ. ನನ್ನ ದನಿ ನನಗೇ ಬೇರೆಯವರ ದನಿಯ ಹಾಗೆ ಕೇಳಿಸುತ್ತಿತ್ತು, ನಡುಗದೆ, ತಪ್ಪದೆ. ಅವನು ಬರೆದುಕೊಂಡ. ನಡುವೆ ಒಮ್ಮೆ, ಕೈಯಾರೆ ಎಂದರೆ ದೂಡಿದರೇ ಎಂದು ಕೇಳಿದ. ಇಲ್ಲ, ಕರೆದದ್ದು ಅಷ್ಟೇ ಎಂದೆ. ಇದು ನಮ್ಮಲ್ಲಿ ಅಳುವ ರೀತಿ, ಇದನ್ನು ಬರೆದುಕೊಳ್ಳಬೇಡಿ ಎಂಬ ಒಂದು ಮಾತು ನಾನು ಹೇಳಲಿಲ್ಲ.

ಯಾಕೆ ಹೇಳಲಿಲ್ಲ ಎಂದು ಆಮೇಲೆ ನನ್ನನ್ನು ನಾನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಬುದ್ಧಿ ನೆಟ್ಟಗಿರಲಿಲ್ಲ ಎಂದು ಸಮಾಧಾನ ಮಾಡಿಕೊಂಡೆ. ಮ್ಯೂಸಿಯಮ್ಮಿನ ನಿಯಮ ತಲೆಯಲ್ಲಿ ಕೂತಿತ್ತು, ಇದ್ದದ್ದನ್ನು ಇದ್ದ ಹಾಗೆ ಎಂದು ಕೈ ತಾನಾಗಿ ನಡೆಯಿತು ಎಂದುಕೊಂಡೆ. ನನ್ನ ಗಂಡನಿಗೂ ಹಾಗೇ ಹೇಳಿದೆ, ಅವನು ನಂಬಿದ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಪೂರ್ತಿ ನಿಜವೂ ಇರಲಿಲ್ಲ.

ಅಪ್ಪನನ್ನು ಇಲ್ಲೇ ದಹನ ಮಾಡಿದೆವು. ಅವ್ವನ ಟಿಕೆಟ್ಟು ಮುಂದಕ್ಕೆ ಹಾಕಿದೆವು. ಅಳು ನಿಂತ ಮೇಲೆ, ಒಂದು ಮಧ್ಯಾಹ್ನ ಅವಲಕ್ಕಿ ಆರಿಸುತ್ತ ಕೂತವಳು ತಾನಾಗಿ ಹೇಳಿದಳು.

“ರಸ್ತಾ ದಾಟೂ ಕಂಬದಾಗ ನಡಿಯೂ ಮನಷ್ಯಾನ ಬಿಳಿ ದೀಪ ಹತ್ತಿತ್ತು. ಅದನ್ನ ನೋಡೇ ಕರದೆ. ನೀನಽ ಕಲಿಸಿದ್ದಿಯಲ್ಲ, ಬಿಳಿ ಮನಷ್ಯಾ ಬಂದ್ರ ದಾಟೂದು ಅಂತ. ಅವರು ಅರ್ಧಾ ದಾರಿ ಬಂದಿದ್ರು. ಆ ಕಾರಿನಾಂವ ಈ ಕಡೆ ನೋಡಲೇ ಇಲ್ಲ, ಆ ಕಡೆ ನೋಡ್ಕೋತ ತಿರಿಗಿಸಿದ.”

ಕೈಯಲ್ಲಿದ್ದ ಲೋಟ ಕೆಳಗಿಟ್ಟೆ. ಅಲ್ಲಿಯವರೆಗೆ ಇದನ್ನು ನಾನು ಕೇಳಿರಲೇ ಇಲ್ಲ. ಆಸ್ಪತ್ರೆಯಲ್ಲಿ ದೀಪದ ಮಾತು ಯಾರೂ ಎತ್ತಿರಲಿಲ್ಲ, ನಾನೂ ಎತ್ತಿರಲಿಲ್ಲ.

ಕೆಲವು ವಾರಗಳ ನಂತರ ಪೊಲೀಸ್ ವರದಿ ಬಂತು. ಕಾರಿನವನು, ಯಾರೋ ಕೂಗಿದ್ದಕ್ಕೆ ಮುದುಕ ಓಡಿ ಬಂದು ಅಡ್ಡ ಬಿದ್ದ ಎಂದು ಹೇಳಿದ್ದ. ಅದರ ಕೆಳಗೆ ಅವ್ವನ ಹೇಳಿಕೆ, ಮಗಳು ಅನುವಾದಿಸಿದ್ದು ಎಂಬ ಟಿಪ್ಪಣಿಯ ಜೊತೆ. ಗಂಡನನ್ನು ತಾನೇ ರಸ್ತೆಗೆ ಕರೆದೆ ಎಂದೂ ಅವನ ಸಾವಿಗೆ ತಾನೇ ಕಾರಣ ಎಂದೂ ಸಾಕ್ಷಿ ಒಪ್ಪಿಕೊಂಡಿದ್ದಾರೆ ಎಂದಿತ್ತು. ಎರಡೂ ಹೇಳಿಕೆ ಒಂದಕ್ಕೊಂದು ಸರಿಹೊಂದಿದ್ದವು. ಕಾರಿನವನ ಮೇಲೆ ಕೇಸು ಹಾಕಲು ಆಧಾರವಿಲ್ಲ ಎಂದು ಕೊನೆಯಲ್ಲಿ ಬರೆದಿತ್ತು. ಇಂಗ್ಲಿಷು ಬಹಳ ಶುದ್ಧವಾಗಿತ್ತು. ಅಪ್ಪನ ಸಾವನ್ನು ಸರ್ಕಾರಿ ಕಾಗದದಲ್ಲಿ ಅವ್ವನ ಹೆಸರಿಗೆ ಬರೆದಿಟ್ಟಿದ್ದರು, ಬರೆಸಿದವಳು ನಾನು.

ಆಗ ನನಗೆ ಅಪ್ಪ ಯಾವತ್ತೋ ಹೇಳಿದ ಮಾತು ನೆನಪಾಯಿತು. ಬಾವಿಗೆ ಬಿದ್ದು ಸತ್ತ ಕೂಸಿನ ತಾಯಿ ಕಟಕಟೆಯಲ್ಲಿ ನಿಂತು, ನಾನೇ ಕೊಂದೆ ಎಂದು ಅತ್ತಾಗ ನ್ಯಾಯಾಧೀಶರು ಟೈಪು ಮಾಡುವವನಿಗೆ ಕೈ ತೋರಿಸಿ ನಿಲ್ಲಿಸುತ್ತಿದ್ದರಂತೆ. ಅಪ್ಪನೇ ಎದ್ದು ಹೋಗಿ ಅವಳಿಗೆ ನೀರು ಕೊಡುತ್ತಿದ್ದರಂತೆ. ಅಳು ನಿಂತ ಮೇಲೆ ಪ್ರಶ್ನೆ, ಆಮೇಲೆ ಉತ್ತರ, ಆಮೇಲೆ ಬರೆಯುವುದು. ಮೂವತ್ತು ವರ್ಷ ಆ ಕೆಲಸ ಮಾಡಿದವರ ಮಗಳು ನಾನು. ನನಗೆ ನೀರು ಕೊಡಲೂ ತೋಚಲಿಲ್ಲ.

ಅವ್ವನಿಗೆ ವರದಿಯ ವಿಷಯ ಹೇಳದೆ ಕೆಲವು ದಿನ ದೂಡಿದೆ. ಮನೆಯಲ್ಲಿರಲಾಗದೆ ಮ್ಯೂಸಿಯಮ್ಮಿಗೆ ಹೋದೆ. ಅಪ್ಪನ ಕುರ್ಚಿ, ದಿಂಬು ಹಾಗೇ ಇದ್ದವು. ಆ ಹೆಂಗಸು ಕೊನೆಯ ಪೆಟ್ಟಿಗೆಯನ್ನು ನನ್ನ ಮುಂದಿಟ್ಟು ಬಾಗಿಲು ಎಳೆದುಕೊಂಡು ಹೋದರು.

ಅದರಲ್ಲೊಂದು ಮಡಿಸಿದ ಕಾಗದವಿತ್ತು. ಬೇಲಿಯ ಬಳಿ ಅಡುಗೆಯವನು ಕಂಡದ್ದೆಲ್ಲವನ್ನೂ ವಕೀಲ ತನ್ನ ಕೈಯಲ್ಲೇ ಬರೆದು ಇಟ್ಟುಕೊಂಡಿದ್ದ. ತಮ್ಮನ ಕೈಯಲ್ಲಿ ಏನೂ ಇರಲಿಲ್ಲ, ಅವನು ಬೆನ್ನು ತಿರುಗಿಸಿದ್ದ ಎಂದೆಲ್ಲ. ಎಲ್ಲ ಕೋರ್ಟಿನ ಇಂಗ್ಲಿಷು, ಅಡುಗೆಯವನ ಒಂದು ಮಾತೂ ಅವನು ಆಡಿದ ಹಾಗೆ ಇಲ್ಲ. ಅದನ್ನು ಕೇಳುವ ಕೋರ್ಟೇ ಇರಲಿಲ್ಲ, ಇರದಂತೆ ನೋಡಿಕೊಂಡವನು ಈತನೇ. ಮತ್ತೆ ಯಾಕೆ ಬರೆದನೋ. ಬರೆದು, ಸಹಿಯನ್ನೂ ಹಾಕಿಸದೆ ಮಡಿಸಿಟ್ಟಿದ್ದ.

ಡೈರಿಯನ್ನು ಮುಂದಕ್ಕೆ ಓದಿದೆ. ಎರಡು ವರ್ಷ ಕಳೆದು ಮತ್ತೆ ಚುನಾವಣೆ. ಪಕ್ಕದ ಜಮೀನಿನವನ ಕೈಯಲ್ಲಿ ಆ ಕಡೆಯ ವೋಟುಗಳಿದ್ದವು. ಒಂದು ಭಾನುವಾರದ ಕೆಳಗೆ ಹೀಗಿತ್ತು, ಪಕ್ಕದವರು ಹೆಂಡತಿಯೊಡನೆ ಊಟಕ್ಕೆ ಬಂದಿದ್ದರು, ಬಾತುಕೋಳಿ ಚೆನ್ನಾಗಿತ್ತು. ಆ ಬಾತುಕೋಳಿ ಬೇಯಿಸಿದವನು, ತಟ್ಟೆ ತಂದು ಆ ಮನುಷ್ಯನ ಮುಂದೆ ಇಟ್ಟವನು ಅದೇ ಅಡುಗೆಯವನು. ನಾನು ಪೆಟ್ಟಿಗೆಯ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ಅಪ್ಪ ಸತ್ತ ಮೇಲೆ ನಾನು ಸರಿಯಾಗಿ ಅತ್ತದ್ದು ಅಂದೇ.

ಕೆಲವು ವರ್ಷಗಳ ಮೇಲೆ ಆ ಕಾಯ್ದೆಯನ್ನು ತೆಗೆದುಹಾಕಿದರು. ವಕೀಲ ಆಗ ಬದುಕಿದ್ದ, ಸೆನೆಟಿನಲ್ಲೇ ಇದ್ದ. ಆ ದಿನ ಮೈ ಸರಿಯಿಲ್ಲವೆಂದು ಸದನಕ್ಕೆ ಹೋಗಲಿಲ್ಲ. ಆಮೇಲೆ ವಾಷಿಂಗ್ಟನ್ನಿಗೆ ಹೋಗಲು ನಿಂತು ಸೋತ. ಬಲಗೈ ನಡುಗತೊಡಗಿ ಬರಹ ಗೀಚಾಯಿತು. ಹಾಸಿಗೆಯಲ್ಲಿ ಸತ್ತ. ಅವನ ಗೌರವಾರ್ಥ ಕೋರ್ಟು ಒಂದು ದಿನ ಮುಚ್ಚಿತ್ತು. ಅಪ್ಪ ತಿಳಿಯಬೇಕೆಂದಿದ್ದಕ್ಕೆ ಉತ್ತರ ಸಿಕ್ಕಿತ್ತು, ಹೇಳಲು ಅಪ್ಪನಿರಲಿಲ್ಲ. ಮನೆಯ ಗೋಡೆಗೆ ಹಾಕುವ ಅವನ ಪರಿಚಯದ ಫಲಕ ಬರೆದುಕೊಡು ಎಂದು ಮ್ಯೂಸಿಯಮ್ಮಿನ ಹೆಂಗಸು ಕೇಳಿದರು. ಕಾಯ್ದೆಯನ್ನೂ ಬಾತುಕೋಳಿಯನ್ನೂ ಸೇರಿಸಿ ಬರೆದುಕೊಟ್ಟೆ. ಅವರು ಒಂದು ಪದ ತಿದ್ದಲಿಲ್ಲ.

ಮರುದಿನ ಪೊಲೀಸ್ ಸ್ಟೇಷನ್ನಿಗೆ ಹೋದೆ. ಆಸ್ಪತ್ರೆಗೆ ಬಂದಿದ್ದ ಅಧಿಕಾರಿಯೇ ಸಿಕ್ಕಿದ. ಅದು ಹೇಳಿಕೆಯಲ್ಲ, ಅಳು, ನಮ್ಮ ಕಡೆ ಹಾಗೆ ಅಳುತ್ತಾರೆ ಎಂದು ವಿವರಿಸಿದೆ. ಅವನು ಕೊನೆಯವರೆಗೆ ಕೇಳಿಸಿಕೊಂಡ. ಹೊಸ ಹೇಳಿಕೆ ತೆಗೆದುಕೊಳ್ಳಬಹುದು, ದೀಪದ ವಿಷಯ ಹೇಳಿದರೆ ತನಿಖೆಯನ್ನು ಮತ್ತೆ ತೆರೆಯಬಹುದು ಎಂದ. ಆದರೆ ಅನುವಾದ ಮಾಡುವವರು ಅವರ ಪಟ್ಟಿಯಲ್ಲಿರುವವರಾಗಬೇಕು. ನಾನು ಕೂತಿರಬಹುದು, ಬಾಯಿ ಬಿಡುವಂತಿಲ್ಲ.

ಇನ್ನು ಅವ್ವನಿಗೆ ಹೇಳಲೇಬೇಕಾಯಿತು. ವರದಿಯಲ್ಲಿ ಏನಿದೆ ಎಂದು ಓದಿ, ಕನ್ನಡದಲ್ಲಿ ಹೇಳಿದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

“ಅತ್ತದ್ದನ್ನ ಬರಕೊಂಡಾರ?”

“ಹೂಂನವಾ. ನಾನು ಹೇಳಿದೆ, ಅವರು ಬರಕೊಂಡ್ರು.”

“ನೀ ಹೇಳಿದಿ” ಎಂದಳು, ಅಷ್ಟೇ.

ಮೂರು ದಿನ ಅವ್ವನಿಗೆ ಪಾಠ ಹೇಳಿಕೊಟ್ಟೆ. ಇದು ಸುಳ್ಳು ಸಾಕ್ಷಿಯಲ್ಲ, ನೀನು ಕಂಡದ್ದನ್ನೇ ಹೇಳಬೇಕು ಎಂದೆ. ಮೊದಲು, ಅವತ್ತು ದುಃಖದಲ್ಲಿ ಅತ್ತೆ, ನಮ್ಮಲ್ಲಿ ಹಾಗೆ ಅಳುತ್ತಾರೆ ಎನ್ನಬೇಕು. ಆಮೇಲೆ, ಬಿಳಿ ದೀಪ ಹತ್ತಿತ್ತು ಎನ್ನಬೇಕು. ಆಮೇಲೆ, ಕಾರಿನವನು ನೋಡದೆ ತಿರುಗಿಸಿದ ಎನ್ನಬೇಕು. ಅವ್ವ ಶಾಲೆಯ ಹುಡುಗಿಯ ಹಾಗೆ ತಲೆಯಾಡಿಸಿದಳು. ಒಮ್ಮೆಯೂ ತಪ್ಪಲಿಲ್ಲ.

ಸ್ಟೇಷನ್ನಿನ ಕೋಣೆಯಲ್ಲಿ ಒಂದು ಮೇಜು, ಅದರ ಮೇಲೆ ಫೋನು. ಫೋನಿನಲ್ಲಿ ಬೆಂಗಳೂರು ಕನ್ನಡದ ಒಬ್ಬ ಹೆಣ್ಣುಮಗಳು, ಒಳ್ಳೆಯ ದನಿ. ಅವ್ವ ಇಳಕಲ್ಲ ಸೀರೆ ಉಟ್ಟು ನೆಟ್ಟಗೆ ಕೂತಿದ್ದಳು. ಅಧಿಕಾರಿ ಇಂಗ್ಲಿಷಿನಲ್ಲಿ ಕೇಳಿದ, ಫೋನು ಕನ್ನಡದಲ್ಲಿ ಕೇಳಿತು.

“ಅಮ್ಮಾ, ಆ ದಿನ ಹಾಸ್ಪಿಟಲಲ್ಲಿ ನೀವು, ನಾನೇ ಕರೆದೆ, ನಾನೇ ಕೊಂದೆ ಅಂತ ಹೇಳಿದ್ರಂತೆ. ಹಾಗೆ ಹೇಳಿದ್ದು ನಿಜಾನಾ?”

ಅವ್ವ ನನ್ನ ಕಡೆ ನೋಡಿದಳು.

“ಖರೇ ಐತ್ರಿ. ಹೇಳಿದೆ. ನನ್ನ ಮಗಳು ಸುಳ್ಳ ಬರಸಿಲ್ಲ.”

“ದುಃಖದಲ್ಲಿ ಹೇಳಿದ್ರಾ ಅಮ್ಮ, ಅಥವಾ ನಿಜವಾಗ್ಲೂ ಹಾಗೇ ಆಯ್ತಾ?”

“ಆದದ್ದನ್ನಽ ಹೇಳಿದೆ. ನಾ ಕರದೆ, ಅವರು ಬಂದ್ರು.”

ನಾನು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದೆ. ಅಧಿಕಾರಿ ನನ್ನತ್ತ ಕೈ ಎತ್ತಿ ತಡೆದ. ದಾಟುವ ದೀಪ ಹತ್ತಿತ್ತೇ ಎಂದು ಕೇಳಿದ. ಅವನ ದನಿಯಲ್ಲಿ, ಹೌದು ಎನ್ನಲಿ ಎಂಬ ಆಸೆ ನನಗೆ ಸ್ಪಷ್ಟವಾಗಿ ಕೇಳಿಸಿತು. ಫೋನು ಕನ್ನಡದಲ್ಲಿ ಕೇಳಿತು.

“ದೀಪ ನಾ ನೋಡಿಲ್ರಿ” ಎಂದಳು ಅವ್ವ. “ನಾ ಅವರನ್ನ ನೋಡಾಕ ಹತ್ತಿದ್ದೆ.”

ಅಧಿಕಾರಿ ಇನ್ನೊಂದು ಸಲ ಬೇರೆ ರೀತಿ ಕೇಳಿದ. ಅವ್ವ ಅದನ್ನೇ ಹೇಳಿದಳು. ಕಾಗದದ ಕೆಳಗೆ ಕನ್ನಡದಲ್ಲಿ ಸಹಿ ಹಾಕಿ, ಪೆನ್ನಿಗೆ ಮುಚ್ಚಳ ಹಾಕಿ ಹಿಂದಕ್ಕೆ ಕೊಟ್ಟಳು. ಫೋನಿನ ಹೆಣ್ಣುಮಗಳು ಹುಷಾರಾಗಿರಿ ಅಮ್ಮ ಎಂದಳು.

ಕಾರಿನಲ್ಲಿ ಕೂತ ಮೇಲೆ ನಾನು ಕಿರುಚಾಡಿದೆ. ಮೂರು ದಿನ ಹೇಳಿಕೊಟ್ಟೆನಲ್ಲ ಎಂದೆ. ದೀಪ ಕಂಡೆ ಎಂದು ನೀನೇ ಹೇಳಿದ್ದೆಯಲ್ಲ ಎಂದೆ. ಆ ಕಾರಿನವನು ನಾಳೆಯಿಂದ ಆರಾಮಾಗಿ ಓಡಾಡುತ್ತಾನೆ, ಅಪ್ಪನ ಜೀವಕ್ಕೆ ಬೆಲೆ ಇಷ್ಟೇನಾ ಎಂದೆ. ಹೇಳಬಾರದ್ದನ್ನೂ ಹೇಳಿದೆ. ಅವ್ವ ಸೀಟ್‌ಬೆಲ್ಟು ಹಾಕಿಕೊಳ್ಳಲು ಬಾರದೆ ಅದನ್ನು ಕೈಯಲ್ಲಿ ಹಿಡಿದುಕೊಂಡು ಕೂತಿದ್ದಳು. ಅದನ್ನು ಎಳೆದು ಹಾಕಿದೆ. ಆಗ ಅವ್ವ ಮಾತಾಡಿದಳು, ನಿಧಾನವಾಗಿ, ಸಿಟ್ಟಿಲ್ಲದೆ.

“ನನಗ ಇಂಗ್ಲಿಷು ಬರಂಗಿಲ್ಲ ಮಗಳ. ಆದ್ರ ಅವತ್ತು ನೀ ಆ ಪೊಲೀಸಪ್ಪಗ ಹೇಳೂ ಮುಂದ ನಿನ್ನ ಮಾರಿ ನೋಡಾಕ ಹತ್ತಿದ್ದೆ. ಅತ್ತದ್ದನ್ನ ಹೇಳಾವರ ಮಾರಿ ಹಂಗ ಇರಂಗಿಲ್ಲ. ಅವ್ವ ಕೊಂದಾಳ ಅಂತ ನೀ ನಂಬಿದ್ದಿ. ಹೊಟ್ಟ್ಯಾಗ ಹುಟ್ಟಿದಾಕಿಗೇ ಹಂಗ ಅನಿಸಿದ ಮ್ಯಾಲೆ ಆ ಪೊಲೀಸಗ ದೀಪದ ಕಥಿ ಹೇಳಿ ನಾ ಏನ ಮಾಡ್ಲಿ?”

ಅವ್ವ ಹೇಳಿದ್ದು ನಿಜ. ಆಸ್ಪತ್ರೆಯ ಆ ಕೋಣೆಗೆ ಕಾಲಿಟ್ಟಾಗ ನನ್ನ ಎದೆಯಲ್ಲಿದ್ದದ್ದು ಸಿಟ್ಟು. ಜೀವಮಾನವೆಲ್ಲ ಲಗೂನ, ಲಗೂನ ಎಂದು ಅಪ್ಪನನ್ನು ಅವಸರ ಮಾಡಿದವಳು ಇವಳು, ಓದುತ್ತ ನಿಂತ ಮನುಷ್ಯನನ್ನು ಒಂದು ನಿಮಿಷ ಬಿಡಬಾರದಿತ್ತೇ ಎಂಬ ಸಿಟ್ಟು. ಅವಳ ಮಾತನ್ನು ಪದ ಬಿಡದೆ ಹೇಳಿದ್ದು ಆ ಸಿಟ್ಟಿನಿಂದಲೇ.

ಅವ್ವ ನನ್ನ ಮುಖವನ್ನೇ ನೋಡುತ್ತ ಕಾದಳು. ಇಲ್ಲವ್ವ, ನಾನು ಹಾಗೆ ಎಂದೂ ಅಂದುಕೊಂಡಿರಲಿಲ್ಲ ಎಂದು ಒಂದು ಸುಳ್ಳು ಹೇಳಬೇಕಾಗಿತ್ತು. ಅದೊಂದನ್ನು ಕೇಳಲು ಅವಳು ಕಾದಿದ್ದಳು. ನಾನು ಹೇಳಲಿಲ್ಲ. ಅವ್ವ ಕಿಟಕಿಯ ಕಡೆ ತಿರುಗಿ, “ಗಾಡಿ ನಡಸು, ಮನಿಗೆ ಹೋಗೂಣು” ಎಂದಳು.